ಕಕ್ಕಡದಿಂದ ತುಲಾ ಸಂಕ್ರಮಣದವರೆಗೆ: 80 ಆಟ, ಒಂದು ನೋಟ್‌ಬುಕ್

ಕೊಡಗಿನ ತೋಟದ ಮನೆಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಮಳೆ ಅಳೆದು ಬರೆದಿಡುವ ರೂಢಿ ಇದೆ. ಇಂಚು, ಸೆಂಟ್ ಲೆಕ್ಕ. ಮಳೆ ಬಾರದ ದಿನವೂ ಒಂದು ಸೊನ್ನೆ ಬೀಳಲೇಬೇಕು. ಒಂದು ದಿನದ ಅಂಕಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹತ್ತು ವರ್ಷದ ಪುಸ್ತಕ ಒಟ್ಟಿಗೆ ತೆರೆದಾಗ ಹೂಮಳೆ ಎಷ್ಟು ಸಲ ಕೈಕೊಟ್ಟಿದೆ, ಯಾವ ವರ್ಷ ಸ್ಪ್ರಿಂಕ್ಲರ್ ಇಡಬೇಕಾಗಿ ಬಂತು ಎಂಬುದು ಕಾಣುತ್ತದೆ. ಟೀಮ್‌ಫೈಟ್ ಟ್ಯಾಕ್ಟಿಕ್ಸ್ ಎಂಬ ಆನ್‌ಲೈನ್ ಆಟವನ್ನು ನೆಟ್ಟಗೆ ಕಲಿಯಬೇಕೆಂದು ಪೊನ್ನಂಪೇಟೆ ಕಡೆಯ ನಾವು ಮೂವರು ಕೂತಾಗ ಮೊದಲು ಮಾಡಿದ್ದು ಅಂಥದ್ದೇ ಒಂದು ಪುಸ್ತಕ. ಜುಲೈ ನಡುವೆ ಕಕ್ಕಡ ತಿಂಗಳು ಹುಟ್ಟಿದ ವಾರ ಶುರು, ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ಹೊತ್ತಿಗೆ ಮುಕ್ತಾಯ. ತಲೆಗೆ ದಿನಕ್ಕೊಂದೇ ರ‍್ಯಾಂಕ್ಡ್ ಆಟ. 20 ಆಟಕ್ಕೆ ಒಂದು ಕಂತು, ಒಟ್ಟು ನಾಲ್ಕು ಕಂತು. ಆ ಮೂರು ತಿಂಗಳಲ್ಲಿ ಏನನ್ನು ತಿದ್ದಿದೆವು, ಯಾವ ಕ್ರಮದಲ್ಲಿ, ಎಲ್ಲಿ ಎಡವಿದೆವು ಎಂಬುದೇ ಈ ಬರಹ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 2019ರ ಜನವರಿಯಲ್ಲಿ ಡ್ರೋಡೋ ಸ್ಟುಡಿಯೋದವರು ಡೋಟಾ 2 ಎಂಬ ಆಟದೊಳಗೆ ಆಟೋ ಚೆಸ್ ಎಂಬ ಇನ್ನೊಂದು ಆಟ ಬಿಟ್ಟರು. ಆಟೋ ಬ್ಯಾಟ್ಲರ್ ಎಂಬ ಈ ಬಗೆಯ ಆಟಗಳೆಲ್ಲ ಹಬ್ಬಿದ್ದು ಅಲ್ಲಿಂದ. ಅದೇ ವರ್ಷ ಜೂನ್‌ನಲ್ಲಿ ರಾಯಟ್ ಕಂಪನಿಯ ಟೀಮ್‌ಫೈಟ್ ಟ್ಯಾಕ್ಟಿಕ್ಸ್ ಬಂತು, 2020ರ ಮಾರ್ಚ್‌ನಲ್ಲಿ ಮೊಬೈಲಿಗೂ ಬಂತು. ಎಂಟು ಜನ, ತಲಾ 100 ಪ್ರಾಣ. ಶಾಪ್‌ನಲ್ಲಿ ಒಮ್ಮೆಗೆ ಐದು ಪಾತ್ರ ಕಾಣುತ್ತವೆ, ಬೆಲೆ 1ರಿಂದ 5 ಗೋಲ್ಡ್. ಕೊಂಡು ಬೋರ್ಡ್ ಮೇಲೆ ಇಟ್ಟರೆ ಹೋರಾಟ ತಾನಾಗಿ ನಡೆಯುತ್ತದೆ. ಒಂದೇ ಪಾತ್ರದ ಮೂರು ಪ್ರತಿ ಸೇರಿದರೆ 2 ಸ್ಟಾರ್, ಒಂಬತ್ತು ಸೇರಿದರೆ 3 ಸ್ಟಾರ್. ಕೊನೆಗೆ ಉಳಿದವರು ಮೊದಲ ಸ್ಥಾನ. ಆದರೆ ರ‍್ಯಾಂಕ್ಡ್‌ನಲ್ಲಿ ಮೊದಲ ನಾಲ್ವರಿಗೂ ಪಾಯಿಂಟ್ ಏರುತ್ತದೆ, ಉಳಿದ ನಾಲ್ವರಿಗೆ ಇಳಿಯುತ್ತದೆ. ನಮ್ಮ ಲೆಕ್ಕಾಚಾರವೆಲ್ಲ ನಿಂತಿದ್ದು ಈ ಕೊನೆಯ ಮಾತಿನ ಮೇಲೆ.

ಒಂದರಿಂದ ಎಂಟರವರೆಗಿನ ಸ್ಥಾನಗಳ ಸರಾಸರಿ 4.5. ಅದಕ್ಕಿಂತ ಕೆಳಗಿನ ಅಂಕಿ ತಂದವನು ಏರುತ್ತಾನೆ. ಇಲ್ಲೊಂದು ಮೋಸ ಇದೆ. ಎಂಟೂ ಸ್ಥಾನ ಸಮಸಮ ಬೀಳುವ ಆಟಗಾರನ 20 ಆಟದ ಸರಾಸರಿಯನ್ನು ಲೆಕ್ಕ ಹಾಕಿದರೆ, ಬರೀ ಅದೃಷ್ಟದಿಂದಲೇ ಸುಮಾರು ಅರ್ಧ ಸ್ಥಾನ ಅತ್ತಿತ್ತ ಆಡುತ್ತದೆ. ಅಂದರೆ ಒಂದು ಕಂತಿನಲ್ಲಿ 4.8, ಮುಂದಿನದರಲ್ಲಿ 4.3 ಬಂದರೆ ಕಲಿತಿದ್ದೇವೆ ಎಂದು ಕುಣಿಯುವಂತಿಲ್ಲ. ಆದ್ದರಿಂದ ಎಷ್ಟನೇ ಸ್ಥಾನ ಬಂತು ಎಂಬುದನ್ನು ಪುಸ್ತಕದ ಕೊನೆಯ ಕಾಲಂಗೆ ತಳ್ಳಿದೆವು. ಮೊದಲ ಕಾಲಂಗಳು ಬೇರೆ: 2-7 (ಎರಡನೇ ಸ್ಟೇಜಿನ ಏಳನೇ ಸುತ್ತು), 3-7, 4-7 ಸುತ್ತು ಮುಗಿದಾಗ ನನ್ನ ಪ್ರಾಣ ಎಷ್ಟು, ಲೆವೆಲ್ (ಬೋರ್ಡ್ ಮೇಲೆ ಎಷ್ಟು ಪಾತ್ರ ಇಡಬಹುದೆಂಬ ಲೆಕ್ಕ) ಎಷ್ಟು, ಗೋಲ್ಡ್ ಎಷ್ಟು. ಆ ಮೂರೂ ಪ್ರಾಣಿಗಳ ಸುತ್ತು, ಎದುರಾಳಿ ಇಲ್ಲ, ಉಸಿರು ಬಿಡಲು ಹೊತ್ತು ಸಿಗುತ್ತದೆ. ಮುಂದಿನ ಕಾಲಂ: ಕೂಡಿಟ್ಟ ಗೋಲ್ಡ್‌ನ ಬಡ್ಡಿ ಮುರಿದದ್ದು ಯಾವ ಸುತ್ತಿನಲ್ಲಿ, ಯಾಕೆ. ಅದರ ಮುಂದೆ: ಸೋತ ಕಾರಣ ಒಂದೇ ಪದದಲ್ಲಿ. ‘ಗೋಲ್ಡ್’, ‘ಐಟಂ’ (ಪಾತ್ರಕ್ಕೆ ತೊಡಿಸುವ ಸಾಮಗ್ರಿ), ‘ಬ್ಯಾಗ್’ (ಎಲ್ಲರಿಗೂ ಸೇರಿದ ಪಾತ್ರಗಳ ಸಂಗ್ರಹ), ‘ಜಾಗ’ (ಬೋರ್ಡ್ ಮೇಲೆ ಪಾತ್ರ ನಿಲ್ಲಿಸುವ ಕ್ರಮ) ಎಂಬ ನಾಲ್ಕೇ ಪದಕ್ಕೆ ಅವಕಾಶ. ‘ಲಕ್’ ಎಂದು ಬರೆಯುವಂತಿಲ್ಲ. ಈ ನಿಯಮ ಮೊದಲ ವಾರ ಬಹಳ ಕಿರಿಕಿರಿ ಮಾಡಿತು, ಆದರೆ ಕೊನೆಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಮೊದಲ ಕಂತಿನಲ್ಲಿ ಏನನ್ನೂ ಬದಲಿಸಲಿಲ್ಲ, ಬರೆಯುವುದಷ್ಟೇ. ಇದನ್ನು ಹಾರಿಸಿ ನೇರ ತಿದ್ದಲು ಹೋದರೆ ಯಾವುದನ್ನು ತಿದ್ದಬೇಕೆಂಬುದೇ ತಪ್ಪುತ್ತದೆ. ನಾವು ಮೂವರೂ ಅಂದುಕೊಂಡಿದ್ದು, ನಮಗೆ ಒಳ್ಳೆಯ ಕಾಂಪ್‌ಗಳು (ಒಟ್ಟಿಗೆ ಒಗ್ಗುವ ಪಾತ್ರಗಳ ತಂಡಗಳು) ಗೊತ್ತಿಲ್ಲ, ಅದೇ ಕೊರತೆ ಎಂದು. ಪುಸ್ತಕ ಬೇರೆ ಹೇಳಿತು. 20ರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಕಾರಣ ‘ಗೋಲ್ಡ್’. 3-7ಕ್ಕೆ ಬಂದಾಗ ಕೈಯಲ್ಲಿ 20, 14, 26. ಸ್ಟೇಜ್ 4ರಲ್ಲಿ ಎದುರಾಳಿಗಳು 50 ಇಟ್ಟುಕೊಂಡು ಒಂದೇ ಏಟಿಗೆ ಬೋರ್ಡ್ ಕಟ್ಟುವಾಗ ನಮ್ಮದು ಖಾಲಿ ಜೇಬು.

ಬಡ್ಡಿಯ ನಿಯಮ ಎಲ್ಲರಿಗೂ ಗೊತ್ತು: ಕೂಡಿಟ್ಟ ಪ್ರತಿ 10 ಗೋಲ್ಡ್‌ಗೆ 1, ಹೆಚ್ಚೆಂದರೆ 50ಕ್ಕೆ 5. ಗೊತ್ತಿದ್ದೂ ಪಾಲಿಸದೆ ಇರುವುದಕ್ಕೆ ಕಾರಣ, ನಷ್ಟ ಕಣ್ಣಿಗೆ ಕಾಣದಿರುವುದು. ಅದನ್ನು ಕಾಣಿಸಲು ಒಂದು ಲೆಕ್ಕ ಪುಸ್ತಕದ ಒಳ ಹೊದಿಕೆಗೆ ಅಂಟಿಸಿದೆವು. 28 ಗೋಲ್ಡ್ ಹಿಡಿದವನಿಗೆ ಸುತ್ತಿಗೆ 2 ಬಡ್ಡಿ, 50 ಹಿಡಿದವನಿಗೆ 5. ವ್ಯತ್ಯಾಸ 3. ಐದು ಸುತ್ತಿಗೆ 15 ಗೋಲ್ಡ್. ಶಾಪ್ ಒಮ್ಮೆ ತಿರುಗಿಸಿ ಹೊಸ ಐದು ಪಾತ್ರ ತರಿಸಲು (ಇದೇ ರೋಲ್) 2 ಗೋಲ್ಡ್, ಹಾಗಾದರೆ ಏಳು ರೋಲ್ ಸುಮ್ಮನೆ ಕೈಬಿಟ್ಟಂತೆ. ಏಳು ರೋಲ್ ಅಂದರೆ 35 ಪಾತ್ರ ಕಣ್ಣಮುಂದೆ ಹಾದುಹೋಗಬೇಕಿತ್ತು, ಹೋಗಲಿಲ್ಲ.

ಎರಡನೇ ಕಂತಿಗೆ ಇಟ್ಟುಕೊಂಡ ಕ್ರಮ ಹೀಗೆ. ಸ್ಟೇಜ್ 2ರಲ್ಲಿ ಒಂದು ರೋಲೂ ಇಲ್ಲ, ಏನೇ ಆಗಲಿ. ಶಾಪ್ ತಾನಾಗಿ ಕೊಟ್ಟದ್ದನ್ನೇ ಕೊಳ್ಳುವುದು, ಜೋಡಿ ಬಂದರೆ ಹಿಡಿಯುವುದು, ಒಂಟಿಯಾಗಿದ್ದು ಉಪಯೋಗಕ್ಕೆ ಬಾರದ್ದನ್ನು ಮಾರುವುದು. ಒಂದು ಸ್ಟಾರ್ ಪಾತ್ರ ಮಾರಿದರೆ ಕೊಟ್ಟ ಬೆಲೆಯೇ ವಾಪಸ್ ಬರುತ್ತದೆ. ಆದ್ದರಿಂದ ಬೆಂಚ್ (ಬೋರ್ಡ್‌ಗೆ ಇಳಿಯದ ಪಾತ್ರಗಳು ಕಾಯುವ ಸಾಲು) ಮೇಲೆ ಕೂತ 1 ಗೋಲ್ಡಿನ ಎರಡು ಪಾತ್ರ, ಕೈಯಲ್ಲಿ 28 ಇದ್ದಾಗ, ಒಂದು ಬಡ್ಡಿಯನ್ನು ತಡೆದು ಕೂತಿವೆ ಎಂದೇ ಅರ್ಥ. ಹೋರಾಟ ಶುರುವಾಗುವ ಮುನ್ನ ಮಾರಿ 30 ಮಾಡಬೇಕು. ಆದರೆ ಬೆಲೆ 2 ಅಥವಾ ಮೇಲಿದ್ದ ಪಾತ್ರವನ್ನು 2 ಸ್ಟಾರ್ ಮಾಡಿದ ಮೇಲೆ ಮಾರಿದರೆ 1 ಗೋಲ್ಡ್ ಕಡಿಮೆ ಸಿಗುತ್ತದೆ. 1 ಗೋಲ್ಡಿನ ಪಾತ್ರಕ್ಕೆ ಮಾತ್ರ ಆ ಕಡಿತ ಇಲ್ಲ, 3 ಕೊಟ್ಟು ಮಾಡಿದ್ದಕ್ಕೆ 3 ಬರುತ್ತದೆ. ಆದ್ದರಿಂದ ಮೊದಲ ಸುತ್ತುಗಳಲ್ಲಿ ಬರೀ ತಾಳಿಕೊಳ್ಳಲು ಯಾವುದನ್ನಾದರೂ 2 ಸ್ಟಾರ್ ಮಾಡಬೇಕಿದ್ದರೆ 1 ಗೋಲ್ಡಿನದ್ದನ್ನೇ ಮಾಡುವುದು ಲೇಸು.

ಲೆವೆಲ್ ಏರಿಸುವುದರಲ್ಲೂ ಸೋರಿಕೆ ಇತ್ತು. ಪ್ರತಿ ಸುತ್ತಿಗೆ 2 ಅನುಭವ ಪುಕ್ಕಟೆ ಬರುತ್ತದೆ. 4 ಗೋಲ್ಡ್ ಕೊಟ್ಟರೆ 4. ಲೆವೆಲ್ 4ರಿಂದ 5ಕ್ಕೆ 10 ಬೇಕು, 5ರಿಂದ 6ಕ್ಕೆ 20. ಇನ್ನು 6 ಬಾಕಿ ಇದೆ ಎಂದಿಟ್ಟುಕೊಳ್ಳಿ. ಈಗಲೇ ಏರಬೇಕಾದರೆ ಎರಡು ಸಲ ಒತ್ತಬೇಕು, 8 ಗೋಲ್ಡ್. ಒಂದು ಸುತ್ತು ತಾಳಿದರೆ ಬಾಕಿ 4, ಒಂದೇ ಸಲ ಒತ್ತಿದರೆ ಸಾಕು. ಮಿಕ್ಕ ಅನುಭವ ಮುಂದಿನ ಲೆವೆಲ್‌ಗೆ ಸೇರುವುದರಿಂದ ಅದು ಹಾಳಾಗುವುದಿಲ್ಲ ನಿಜ, ಆದರೆ ಆ 4 ಗೋಲ್ಡ್ ಬಡ್ಡಿಯ ಗೆರೆಯಿಂದ ಕೆಳಗೆ ಎಳೆದರೆ ಸುತ್ತು ಸುತ್ತಿಗೂ ತಿನ್ನುತ್ತದೆ. ನಾವು ಗೆರೆ ಹಾಕಿಕೊಂಡದ್ದು: 2-5ಕ್ಕೆ ಲೆವೆಲ್ 5, 3-2ಕ್ಕೆ ಲೆವೆಲ್ 6, ಅಲ್ಲಿಂದ ಮುಂದೆ ಕೈಯಲ್ಲಿರುವ ಬೋರ್ಡ್ ನೋಡಿ. 3-2ರಲ್ಲಿ ಏರುವುದಕ್ಕೆ ಇನ್ನೊಂದು ಕಾರಣ, ಅಲ್ಲಿ ಎರಡನೇ ಆಗ್ಮೆಂಟ್, ಅಂದರೆ ನಾವೇ ಆರಿಸಿಕೊಳ್ಳುವ ಹೆಚ್ಚುವರಿ ಬಲ, ಸಿಗುತ್ತದೆ (ಆಗ್ಮೆಂಟ್ ಬಂದದ್ದು 2021ರಲ್ಲಿ; ಆಮೇಲೆ ನೆಲೆನಿಂತ 2-1, 3-2, 4-2 ಎಂಬ ಈ ಕ್ರಮ ಆಟದ ಬೆನ್ನೆಲುಬೇ ಆಗಿದೆ). ಆ ಹೊತ್ತಿಗೆ ಎಲ್ಲರ ಬೋರ್ಡ್ ಒಂದು ಹಂತ ಬಲಿಯುತ್ತದೆ, ಹಿಂದೆ ಉಳಿದವನ ಪ್ರಾಣ ಅಲ್ಲಿಂದ ಜಾರತೊಡಗುತ್ತದೆ.

ಸ್ಲೋ ರೋಲ್ ವಿಷಯದಲ್ಲಿ ನಮಗಿದ್ದ ತಪ್ಪು ತಿಳುವಳಿಕೆ ದೊಡ್ಡದು. ಕಡಿಮೆ ಬೆಲೆಯ ಪಾತ್ರವನ್ನು 3 ಸ್ಟಾರ್ ಮಾಡುವ ಆಟ ಅದು. 50 ಗೋಲ್ಡ್ ಮುಟ್ಟದೆ ಇಟ್ಟು, ಅದರ ಮೇಲೆ ಬಂದದ್ದನ್ನು ಮಾತ್ರ ತಿರುಗಿಸಬೇಕು. ತೋಟದವರಿಗೆ ಹೇಳಬೇಕಿಲ್ಲ, ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕುವ ಲೆಕ್ಕ. ಆದರೆ ಯಾವ ಲೆವೆಲ್‌ನಲ್ಲಿ ನಿಂತು ತಿರುಗಿಸುತ್ತೀರಿ ಎಂಬುದು ಅಷ್ಟೇ ಮುಖ್ಯ. ಲೆವೆಲ್ 4ರಲ್ಲಿ ಶಾಪ್‌ನ ಒಂದೊಂದು ಮನೆಯಲ್ಲಿ 1 ಗೋಲ್ಡಿನ ಪಾತ್ರ ಬರುವ ಸಾಧ್ಯತೆ ನೂರಕ್ಕೆ 55, ಲೆವೆಲ್ 5ರಲ್ಲಿ 45. ಆ ಸೆಟ್‌ನಲ್ಲಿ (ಕೆಲವು ತಿಂಗಳಿಗೊಮ್ಮೆ ಬದಲಾಗುವ ಪಾತ್ರಗಳ ಗುಂಪು) 1 ಗೋಲ್ಡಿನ 13 ಪಾತ್ರ ಇದ್ದರೆ, ಬೇಕಾದ ಒಂದೇ ಪಾತ್ರ ಒಂದು ಮನೆಯಲ್ಲಿ ಬೀಳುವ ಸಾಧ್ಯತೆ ಲೆವೆಲ್ 4ರಲ್ಲಿ ಸುಮಾರು ನೂರಕ್ಕೆ 4.2, ಲೆವೆಲ್ 5ರಲ್ಲಿ 3.5. 30 ಗೋಲ್ಡ್ ತಿರುಗಿಸಿದರೆ 15 ಶಾಪ್, 75 ಮನೆ. ಸರಾಸರಿ ಮೂರು ಪ್ರತಿಗೂ ಎರಡೂವರೆ ಪ್ರತಿಗೂ ಇರುವ ಅಂತರ ಅದು. ಸಣ್ಣದೆನಿಸುತ್ತದೆ, ಆದರೆ ಒಂಬತ್ತನೇ ಪ್ರತಿಗಾಗಿ ಕಾಯುವವನಿಗೆ ಅರ್ಧ ಪ್ರತಿ ಅಂದರೆ ಎರಡು ಸುತ್ತು ತಡ, ಎರಡು ಸೋಲು. ಪ್ಯಾಚ್‌ಗಳಲ್ಲಿ (ಕಂಪನಿ ಆಟಕ್ಕೆ ತರುವ ತಿದ್ದುಪಡಿಗಳಲ್ಲಿ) ಈ ಅಂಕಿಗಳು ಆಗಾಗ ಬದಲಾಗುತ್ತವೆ. ಆದರೆ ಶಾಪ್‌ನ ಮೇಲೆಯೇ ಆ ಲೆವೆಲ್‌ನ ಸಾಧ್ಯತೆ ಬರೆದಿರುತ್ತದೆ, ಕಂಠಪಾಠ ಬೇಡ. ನೋಡುವ ಅಭ್ಯಾಸ ಬೇಕು.

ಬೇಕೆಂದೇ ಸೋಲುವುದರ ಬಗ್ಗೆಯೂ ಹೇಳಬೇಕು, ಏಕೆಂದರೆ ಎರಡನೇ ಕಂತಿನಲ್ಲಿ ನಮ್ಮಲ್ಲೊಬ್ಬನ ಐದಾರು ಆಟ ಕೆಟ್ಟದ್ದು ಅದರಿಂದ. ಸತತ ಗೆದ್ದರೂ ಸತತ ಸೋತರೂ ಸ್ಟ್ರೀಕ್‌ಗೆ 1ರಿಂದ 3 ಗೋಲ್ಡ್ ಸಿಗುತ್ತದೆ. ಸ್ಟೇಜ್ 2ರಲ್ಲಿ ಸೋಲಿನ ಪೆಟ್ಟು ಕಡಿಮೆ. ಪೆಟ್ಟಿನ ಲೆಕ್ಕ ಎಂದರೆ ಆ ಸ್ಟೇಜ್‌ಗೆ ನಿಗದಿಯಾದ ಅಂಕಿ, ಜೊತೆಗೆ ಎದುರಾಳಿಯ ಬೋರ್ಡ್‌ನಲ್ಲಿ ಉಳಿದ ಪಾತ್ರಗಳು. ಹಾಗಾಗಿ ಸೋಲುವುದಾದರೂ ಎದುರಾಳಿಯ ಎರಡೋ ಮೂರೋ ಪಾತ್ರ ಕೆಡವಿ ಸೋಲಬೇಕು. ಅವನು ಬೋರ್ಡ್ ಹೆಚ್ಚುಕಡಿಮೆ ಖಾಲಿ ಬಿಟ್ಟು ಸೋಲುತ್ತಿದ್ದ. ಸ್ಟೇಜ್ 3ಕ್ಕೆ ಬರುವಾಗ ಗೋಲ್ಡ್ ಭರ್ತಿ, ಪ್ರಾಣ ಅರ್ಧ. ಅದಕ್ಕಿಂತ ಕೆಟ್ಟದ್ದು, ನಾಲ್ಕು ಸೋತು ಐದನೆಯದರಲ್ಲಿ ತನಗಿಂತ ದುರ್ಬಲನೊಬ್ಬ ಎದುರಾಗಿ ಅರಿಯದೆ ಗೆದ್ದುಬಿಡುವುದು. ಸ್ಟ್ರೀಕೂ ಹೋಯಿತು, ಪ್ರಾಣವೂ ಹೋಗಿತ್ತು. ಸೋಲುವ ದಾರಿ ಹಿಡಿದವನಿಗೆ ಇರುವ ನಿಜವಾದ ಲಾಭ ಗೋಲ್ಡಿಗಿಂತ ಕ್ಯಾರೋಸೆಲ್ (ಐಟಂ ಹೊತ್ತ ಪಾತ್ರಗಳನ್ನು ಎಲ್ಲರೂ ಸರದಿಯಲ್ಲಿ ಆರಿಸಿಕೊಳ್ಳುವ ಸುತ್ತು): ಪ್ರಾಣ ಕಡಿಮೆ ಇದ್ದವರು ಮೊದಲು ಆರಿಸುತ್ತಾರೆ, ಬೇಕಾದ ಐಟಂ ಕೈಗೆ ಸಿಗುತ್ತದೆ. ಅದನ್ನು ಬಳಸದಿದ್ದರೆ ಆ ದಾರಿಗೇ ಇಳಿಯಬಾರದು.

ಆಗಸ್ಟ್‌ನಲ್ಲಿ ಮಳೆ ಜೋರಾದ ಮೇಲೆ ಇನ್ನೊಂದು ಸಮಸ್ಯೆ. ಒಂದು ಆಟಕ್ಕೆ ಅರ್ಧ ಗಂಟೆಗೂ ಮೇಲೆ ಬೇಕು. ಇಲ್ಲಿ ಗಾಳಿ ಎದ್ದರೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಆಟೋ ಬ್ಯಾಟ್ಲರ್‌ನಲ್ಲಿ ಒಂದು ಅನುಕೂಲ, ಸಂಪರ್ಕ ಕಡಿದರೂ ಬೋರ್ಡ್ ಮೇಲಿದ್ದವು ಹೋರಾಡುತ್ತಲೇ ಇರುತ್ತವೆ, ಗೋಲ್ಡ್ ಸೇರುತ್ತಲೇ ಇರುತ್ತದೆ, ನೆಟ್ ಬಂದ ಮೇಲೆ ಮತ್ತೆ ಒಳಗೆ ಹೋಗಬಹುದು. ಅದಕ್ಕೆ ತಕ್ಕಂತೆ ಕೈಯ ಕ್ರಮ ಬದಲಿಸಿದೆವು. ಸುತ್ತು ಶುರುವಾದ ಮೊದಲ ಐದು ಸೆಕೆಂಡಿನಲ್ಲಿ ಬೋರ್ಡ್ ಸರಿಮಾಡುವುದು: ಲೆವೆಲ್‌ಗೆ ತಕ್ಕಷ್ಟು ಪಾತ್ರ ಇವೆಯೇ, ಐಟಂ ಹಾಕಿದ್ದೇವೆಯೇ, ಕ್ಯಾರಿ (ಹೆಚ್ಚು ಪೆಟ್ಟು ಕೊಡುವ ಮುಖ್ಯ ಪಾತ್ರ) ಜಾಗದಲ್ಲಿ ಇದೆಯೇ. ಆಮೇಲೆ ಶಾಪ್. ಮೊದಲು ಇದು ಉಲ್ಟಾ ಇತ್ತು. ರೋಲ್ ಮಾಡುತ್ತಾ ಕೂತು, ಕೊನೆಯ ಎರಡು ಸೆಕೆಂಡಿನಲ್ಲಿ ಬೆಂಚ್‌ನಿಂದ ಬೋರ್ಡ್‌ಗೆ ಎಳೆಯುವಾಗ ನೆಟ್ ತಡವರಿಸಿ ಬೇಕಾದ ಪಾತ್ರ ಬೇಕಾದ ಜಾಗ ಸೇರದೆಯೇ ಹೋರಾಡಿದ ಸುತ್ತುಗಳು ಪುಸ್ತಕದಲ್ಲಿ ಎದ್ದು ಕಾಣುತ್ತವೆ. ರೂಟರ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್, ಫೋನ್‌ನಲ್ಲಿ ಬೇರೆ ಕಂಪನಿಯ ಎರಡನೇ ಸಿಮ್, ಗುಡುಗು ಕೇಳಿಸಿದರೆ ರ‍್ಯಾಂಕ್ಡ್ ಒತ್ತದೆ ಸಾದಾ ಆಟ. ಇಷ್ಟರಿಂದ ಕಡಿತದ ಸೋಲು ಬಹುಪಾಲು ನಿಂತಿತು. ‘ಮೊದಲು ಬೋರ್ಡ್, ಆಮೇಲೆ ಶಾಪ್’ ಎಂಬ ಕ್ರಮ ನೆಟ್ ಚೆನ್ನಾಗಿರುವ ಊರಿನವರಿಗೂ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ.

ಮೂರನೇ ಕಂತು ಐಟಂ ಮತ್ತು ಬ್ಯಾಗ್. ಐಟಂ ಕಡೆಯ ರೋಗ ಎಲ್ಲ ಹೊಸಬರದ್ದೇ: ಸರಿಯಾದದ್ದು ಬರಲಿ ಎಂದು ಬಿಡಿ ಭಾಗಗಳನ್ನು ಬೆಂಚ್ ಮೇಲೆ ಪೇರಿಸಿಡುವುದು. ಬಿ.ಎಫ್. ಸ್ವೋರ್ಡ್ ಇದೆ, ಗ್ಲವ್ಸ್ ಬಂದರೆ ಇನ್‌ಫಿನಿಟಿ ಎಡ್ಜ್ ಆಗುತ್ತದೆ ಎಂದು ಕಾಯುವುದು. ಪಕ್ಕದಲ್ಲೇ ಬೋ ಬಿದ್ದಿದೆ, ಎರಡನ್ನು ಕೂಡಿಸಿದರೆ ಜೈಂಟ್ ಸ್ಲೇಯರ್ ಆಗುತ್ತದೆ, ಇವತ್ತೇ ಎರಡು ಹೋರಾಟ ಗೆಲ್ಲಬಹುದು. ಕಾಯ್ದದ್ದಕ್ಕೆ ಪ್ರಾಣ ಕೊಡುತ್ತಿದ್ದೇವೆ ಎಂಬುದು ಆ ಹೊತ್ತಿಗೆ ಹೊಳೆಯುವುದಿಲ್ಲ. ನಿಯಮ ಇಟ್ಟೆವು: 2-7ರೊಳಗೆ ಕನಿಷ್ಠ ಒಂದು ಪೂರ್ಣ ಐಟಂ ಬೋರ್ಡ್ ಮೇಲಿರಬೇಕು, 3-7 ಕಳೆದ ಮೇಲೆ ಬೆಂಚ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಿಡಿ ಭಾಗ ಇರಬಾರದು. ಮೊದಲು ಮಾಡುವ ಐಟಂ ಯಾವ ಬೋರ್ಡ್‌ಗೂ ಒಗ್ಗುವಂಥದ್ದಾಗಿರಲಿ. ಚೈನ್ ವೆಸ್ಟ್ ಮತ್ತು ಜೈಂಟ್ಸ್ ಬೆಲ್ಟ್ ಸೇರಿಸಿದ ಸನ್‌ಫೈರ್ ಕೇಪ್ ಇದಕ್ಕೆ ಹೇಳಿಮಾಡಿಸಿದ್ದು. ಮುಂದಿನ ಸಾಲಿನಲ್ಲಿ ಪೆಟ್ಟು ತಿನ್ನುವ ಯಾವ ಟ್ಯಾಂಕ್‌ಗಾದರೂ ಹಾಕಬಹುದು, ಎದುರಾಳಿಯ ಚೇತರಿಕೆಯನ್ನೂ ತಗ್ಗಿಸುತ್ತದೆ. ಆ ತಗ್ಗಿಸುವ ಗುಣ ತಂಡದಲ್ಲಿ ಎಲ್ಲೋ ಒಂದು ಕಡೆ ಇರಲೇಬೇಕು. ರಾಡ್ ಮತ್ತು ಬೆಲ್ಟ್ ಕೂಡಿದ ಮೊರೆಲೊನಾಮಿಕಾನ್ ಆದರೂ ಸರಿ. ಇಲ್ಲದಿದ್ದರೆ ಕೊನೆಯ ಸುತ್ತುಗಳಲ್ಲಿ ಬ್ಲಡ್‌ಥರ್ಸ್ಟರ್ ಹಾಕಿದ ಕ್ಯಾರಿಯೊಂದು ಸಾಯದೆ ಇಡೀ ಬೋರ್ಡನ್ನು ತಿಂದು ಹಾಕುತ್ತದೆ.

ಬ್ಯಾಗ್ ಎಂದರೆ ಎಂಟೂ ಜನರಿಗೆ ಸೇರಿದ ಒಂದೇ ಸಂಗ್ರಹ. ಬಹಳ ಸೆಟ್‌ಗಳ ಕಾಲ ಬೆಲೆ 1ರಿಂದ 5ರವರೆಗೆ ಪ್ರತಿ ಪಾತ್ರದ ಪ್ರತಿಗಳು ಕ್ರಮವಾಗಿ 29, 22, 18, 12, 10 ಇದ್ದವು, ಆಮೇಲೆ ಬದಲಾಗಿ 4 ಗೋಲ್ಡಿನವು 10ಕ್ಕೆ ಇಳಿದವು. ಒಬ್ಬ ಹಿಡಿದದ್ದು ಇನ್ನೊಬ್ಬನಿಗೆ ಬರುವುದಿಲ್ಲ. ಮಾರಿದರೆ, ಅಥವಾ ಆತ ಆಟದಿಂದ ಹೊರಬಿದ್ದರೆ ಬ್ಯಾಗ್‌ಗೆ ವಾಪಸ್. ಇದು ಗೊತ್ತಿದ್ದ ಮೇಲೆ ಬೇರೆಯವರ ಬೋರ್ಡ್ ನೋಡದೆ ರೋಲ್ ಮಾಡುವುದು ಖಾಲಿ ಹುತ್ತಕ್ಕೆ ಕೈ ಹಾಕಿದಂತೆ. ಒಂದು ಸಂದರ್ಭವನ್ನು ಪುಸ್ತಕದಿಂದ ಹಾಗೆಯೇ ಇಳಿಸುತ್ತೇನೆ, ಏಕೆಂದರೆ ಸ್ಕೌಟಿಂಗ್ (ಬೇರೆಯವರ ಬೋರ್ಡ್ ನೋಡಿಬರುವುದು) ಏಕೆ ಬೇಕು ಎಂಬುದು ಅಲ್ಲೇ ಸ್ಪಷ್ಟವಾಗುತ್ತದೆ.

ಸುತ್ತು 4-5. ಲೆವೆಲ್ 7, ಗೋಲ್ಡ್ 62, ಪ್ರಾಣ 41. ಲೆವೆಲ್ 8ಕ್ಕೆ 24 ಗೋಲ್ಡ್ ಬೇಕು. ಉಳಿಯುವುದು 38, ಅಂದರೆ 19 ರೋಲ್, ಕೊಳ್ಳುವ ಖರ್ಚು ಬಿಟ್ಟು. ಬೋರ್ಡ್ ಮೇಲೆ 4 ಗೋಲ್ಡಿನ ಕ್ಯಾರಿಯ ಎರಡು ಪ್ರತಿ, ಇನ್ನೊಂದು ಬಂದರೆ 2 ಸ್ಟಾರ್. ಐಟಂ ಇನ್‌ಫಿನಿಟಿ ಎಡ್ಜ್, ಲಾಸ್ಟ್ ವಿಸ್ಪರ್, ಬ್ಲಡ್‌ಥರ್ಸ್ಟರ್. ಬೆಂಚ್‌ನಲ್ಲಿ ಅದೇ ಐಟಂಗಳು ಒಗ್ಗುವ, 4 ಗೋಲ್ಡಿನ ಇನ್ನೊಂದು ಪಾತ್ರದ ಒಂದು ಪ್ರತಿ. ಬೆರಳು ಲೆವೆಲ್ ಬಟನ್ ಮೇಲಿತ್ತು. ಪಕ್ಕದಲ್ಲಿ ಕೂತು ಉಳಿದವರ ಬೋರ್ಡ್ ನೋಡುತ್ತಿದ್ದ ಕಿರಿಯವನು ತಡೆದ.

“ಅಣ್ಣ, ತಾಳಿ. ಒಬ್ಬ 2 ಸ್ಟಾರ್ ಮಾಡಿ ಬೆಂಚಲ್ಲಿ ಇನ್ನೊಂದು ಇಟ್ಟಿದ್ದಾನೆ. ಇನ್ನೊಬ್ಬನ ಹತ್ರ ಎರಡು. ನಿಮ್ದು ಎರಡು. ಬ್ಯಾಗಲ್ಲಿ ಉಳಿದಿರೋದೇ ಎರಡು.”

“ಬೆಂಚಲ್ಲಿರೋದು ಯಾರ ಹತ್ರ ಇದೆ?”

“ಯಾರ ಹತ್ರಾನೂ ಇಲ್ಲ. ಒಂಬತ್ತೂ ಒಳಗೇ ಇದೆ.”

ಮೊದಲ ಪಾತ್ರಕ್ಕೆ ಒಂದೇ ಪ್ರತಿ ಸಾಕು, ಆದರೆ ಉಳಿದಿರುವುದು 2. ಎರಡನೆಯದಕ್ಕೆ ಎರಡು ಪ್ರತಿ ಬೇಕು, ಆದರೆ ಉಳಿದಿರುವುದು 9. 4 ಗೋಲ್ಡಿನ ಪಾತ್ರ ಬೀಳುವ ಪ್ರತಿ ಮನೆಯಲ್ಲೂ ಎರಡನೆಯದು ಕಾಣಿಸಿಕೊಳ್ಳುವ ಸಾಧ್ಯತೆ ನಾಲ್ಕೂವರೆ ಪಟ್ಟು. ಆದ್ದರಿಂದ ಲೆವೆಲ್ ಏರಿ, ಎರಡನ್ನೂ ಹಿಡಿದುಕೊಂಡೇ ರೋಲ್ ಶುರು. ರೋಲ್‌ಗೆ ಮೊದಲು ಬೆಂಚ್‌ನಲ್ಲಿ ನಾಲ್ಕು ಮನೆ ಖಾಲಿ ಮಾಡಿದ್ದು ಮುಖ್ಯ. ಒಂಬತ್ತೂ ತುಂಬಿದ್ದರೆ ಬೇಕಾದದ್ದು ಬಂದಾಗ ಏನು ಮಾರಲಿ ಎಂದು ತಡಕಾಡುವುದರಲ್ಲೇ 30 ಸೆಕೆಂಡ್ ಮುಗಿಯುತ್ತದೆ. ಎರಡನೆಯ ಪಾತ್ರ ಜೋಡಿಯಾದದ್ದು ಬೇಗ, 2 ಸ್ಟಾರ್ ಆದಾಗ ಕೈಯಲ್ಲಿ 12 ಗೋಲ್ಡ್ ಉಳಿದಿತ್ತು. ಅಲ್ಲಿಗೆ ನಿಲ್ಲಿಸಿದ್ದು ಸರಿಯಾದ ನಿರ್ಧಾರ. ಮೊದಲ ಕ್ಯಾರಿಯ ಎರಡು ಪ್ರತಿ ಮಾರಿ 8 ಸೇರಿ 20. ಐಟಂ ಕಳಚಿ ಹೊಸ ಕ್ಯಾರಿಗೆ ಹಾಕಿದ್ದಾಯಿತು. ಮಾರಿದ ಪಾತ್ರದ ಐಟಂ ಬೆಂಚ್‌ಗೆ ವಾಪಸ್ ಬರುತ್ತದೆ, ಅದಕ್ಕೇ ಮಾರಾಟ ಮೊದಲು, ಐಟಂ ಆಮೇಲೆ. ಆ ಆಟದಲ್ಲಿ ನಾಲ್ಕನೇ ಸ್ಥಾನ. ಹಳೆಯ ಪಾತ್ರಕ್ಕೇ ಜೋತುಬಿದ್ದಿದ್ದರೆ ಮೂವರು ಒಂದೇ ಪಾತ್ರಕ್ಕೆ ಕಚ್ಚಾಡಿ, ಮೂವರಲ್ಲಿ ಕೊನೆಯವರಾಗಿ ಏಳನೆಯದೋ ಎಂಟನೆಯದೋ ಬರುತ್ತಿತ್ತು. ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಕೆಂಪು ಗೆರೆ ಇದೆ. ಮೊದಲ ಸ್ಥಾನ ಬಂದ ಆಟಗಳಿಗೂ ಅಂಥ ಗೆರೆ ಹಾಕಿಲ್ಲ.

ಇದರ ನಂತರ ಸ್ಕೌಟಿಂಗ್‌ಗೆ ಹೊತ್ತು ಗೊತ್ತುಮಾಡಿದೆವು. ಪ್ರತಿ ಸುತ್ತೂ ಏಳು ಜನರನ್ನು ನೋಡಲಾಗದು, ನೋಡಿದರೆ ಸ್ವಂತ ಬೋರ್ಡ್ ಕೆಡುತ್ತದೆ. ಪ್ರಾಣಿಗಳ ಸುತ್ತು ನಡೆಯುವಾಗ ಎಲ್ಲರನ್ನೂ ಒಂದು ಸುತ್ತು ನೋಡುವುದು. ದೊಡ್ಡ ರೋಲ್‌ಗೆ ಹಿಂದಿನ ಸುತ್ತಿನಲ್ಲಿ ಮತ್ತೊಮ್ಮೆ. ನೋಡಬೇಕಾದದ್ದು ಎರಡೇ. ನನಗೆ ಬೇಕಾದ ಪಾತ್ರ ಯಾರ ಬೆಂಚ್‌ನಲ್ಲಿದೆ, ಯಾರ ಕೈಯಲ್ಲಿ 50 ಗೋಲ್ಡ್ ಇದೆ. ಬೋರ್ಡ್ ನೋಡುವವರು ಬಹಳ, ಬೆಂಚ್ ನೋಡುವವರು ಕಡಿಮೆ. ಆದರೆ ಮುಂದೆ ಏನಾಗುತ್ತದೆ ಎಂಬುದು ಬೆಂಚ್ ಮೇಲೆಯೇ ಕೂತಿರುತ್ತದೆ.

ಆಡಿದ್ದನ್ನು ಮತ್ತೆ ನೋಡಲು ಫೋನಿನ ಸ್ಕ್ರೀನ್ ರೆಕಾರ್ಡರ್ ಸಾಕು. ಇಡೀ ಆಟ ನೋಡಲು ಹೋದರೆ ಮೂರು ದಿನದಲ್ಲಿ ಬೇಸರ ಬರುತ್ತದೆ. ನಾವು 2-1, 3-2, 4-2 ಮತ್ತು ಸತ್ತ ಸುತ್ತಿಗಿಂತ ಎರಡು ಸುತ್ತು ಹಿಂದೆ, ಈ ನಾಲ್ಕು ಕಡೆ ನಿಲ್ಲಿಸುತ್ತಿದ್ದೆವು. ನಿಲ್ಲಿಸಿ, ಆಡದ ಇಬ್ಬರು ‘ನಾನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಮೊದಲು ಹೇಳಬೇಕು, ಆಡಿದವನು ಆಮೇಲೆ. ಆಡಿದವನು ಮೊದಲು ಬಾಯಿಬಿಟ್ಟರೆ ಸಮರ್ಥನೆ ಶುರುವಾಗಿ ಕಲಿಕೆ ನಿಲ್ಲುತ್ತದೆ.

ನಾಲ್ಕನೇ ಕಂತು ಜಾಗದ್ದು. ಇದನ್ನು ಕೊನೆಗೆ ಇಟ್ಟದ್ದು ಸರಿ ಎಂದೇ ಈಗಲೂ ಅನಿಸುತ್ತದೆ, ಗೋಲ್ಡ್ ಇಲ್ಲದವನಿಗೆ ಜಾಗ ಸರಿಪಡಿಸಿ ಏನೂ ಸಿಗುವುದಿಲ್ಲ. ಆದರೆ ಕೊನೆಯ ಮೂವರು ಉಳಿದ ಮೇಲೆ ಜಾಗವೇ ಬಹುಪಾಲು ಆಟ. ಒಬ್ಬೊಬ್ಬರಿಗೆ ನಾಲ್ಕು ಸಾಲು, ಸಾಲಿಗೆ ಏಳು ಮನೆ, ಒಟ್ಟು 28. ಪಾತ್ರಗಳು ಸಾಮಾನ್ಯವಾಗಿ ಹತ್ತಿರದವರನ್ನು ಹೊಡೆಯುತ್ತವೆ. ಆದ್ದರಿಂದ ಮುಂದಿನ ಸಾಲಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಪೆಟ್ಟು ಯಾರಿಗೆ ಬೀಳಬೇಕೆಂಬುದನ್ನು ತೀರ್ಮಾನಿಸುತ್ತದೆ. ದೂರದಿಂದ ಹೊಡೆಯುವ ಕ್ಯಾರಿ ಹಿಂದಿನ ಸಾಲಿನ ಮೂಲೆಯಲ್ಲಿ, ಅದರ ಎದುರಿಗೆ ಅತಿ ಗಟ್ಟಿ ಟ್ಯಾಂಕ್. ಇಷ್ಟು ಎಲ್ಲರೂ ಮಾಡುತ್ತಾರೆ. ನಾವು ತಿಂಗಳುಗಟ್ಟಲೆ ತಪ್ಪಿದ್ದು ಮೂಲೆ ಆರಿಸುವುದರಲ್ಲಿ.

ಎದುರಾಳಿಯ ಬೋರ್ಡ್ ನೋಡಲು ಹೋದಾಗ ಅದು ಆತನ ಕಡೆಯಿಂದ ಕಾಣುತ್ತದೆ. ಹೋರಾಟದಲ್ಲಿ ಅದು ಪೂರ್ತಿ ತಿರುಗಿ ನಮ್ಮೆದುರು ನಿಲ್ಲುತ್ತದೆ. ಆತನ ಎಡ ಮೂಲೆ ಎಂದು ನಾವು ನೋಡಿದ್ದು ನಮ್ಮ ಬಲ ಮೂಲೆಯ ಎದುರಿಗೆ ಬರುತ್ತದೆ. ಹಾಕಿ ಮೈದಾನದಲ್ಲಿ ಎದುರು ತಂಡದ ಲೆಫ್ಟ್ ಔಟ್ ನಮ್ಮ ರೈಟ್ ಬ್ಯಾಕ್ ಕಡೆ ಬರುವ ಹಾಗೆ. ಕೊಡಗಿನಲ್ಲಿ ಇದನ್ನು ಯಾರಿಗೂ ಎರಡು ಸಲ ಹೇಳಬೇಕಿಲ್ಲ, ಆದರೂ ಪರದೆ ಮೇಲೆ ನಾವು ಎಡವಿದೆವು. ಆತನ ಕ್ಯಾರಿಯಿಂದ ದೂರ ಹೋಗುತ್ತಿದ್ದೇವೆ ಎಂದುಕೊಂಡು ನಮ್ಮ ಕ್ಯಾರಿಯನ್ನು ನೇರ ಅದರ ಎದುರಿಗೇ ಒಯ್ದು ಇಡುತ್ತಿದ್ದೆವು. ತಿದ್ದಿಕೊಳ್ಳಲು ಪುಸ್ತಕದ ಒಂದು ಹಾಳೆಯಲ್ಲಿ 4 ಸಾಲು, 7 ಮನೆಯ ಚಿತ್ರ ಬರೆದು, ಎದುರಾಳಿಯ ಜಾಗಗಳನ್ನು ಗುರುತಿಸಿ, ಹಾಳೆಯನ್ನು ತಲೆಕೆಳಗು ತಿರುಗಿಸಿ ನಮ್ಮ ಚಿತ್ರದ ಮೇಲೆ ಇಟ್ಟು ನೋಡುವ ಅಭ್ಯಾಸ ಮಾಡಿದೆವು. ಹತ್ತು ಸಲ ಹಾಳೆ ತಿರುಗಿಸಿದ ಮೇಲೆ ಹಾಳೆ ಬೇಕಾಗಲಿಲ್ಲ.

ಇನ್ನೊಂದು, ಇತ್ತೀಚೆಗೆ ಎದುರಾದವರು ತಕ್ಷಣ ಮತ್ತೆ ಬರುವುದಿಲ್ಲ. ಆರು ಜನ ಉಳಿದಾಗಲೂ ಮುಂದಿನ ಸುತ್ತಿಗೆ ಇಂಥ ಇಬ್ಬರು ಮೂವರಲ್ಲಿ ಒಬ್ಬರು ಎಂದು ಅಂದಾಜು ಕಟ್ಟಬಹುದು. ಆ ಮೂವರಲ್ಲಿ ಇಬ್ಬರ ಬೋರ್ಡ್‌ಗೆ ಒಂದೇ ಜಾಗ ಸರಿಹೊಂದಿದರೆ ಅದನ್ನೇ ಇಡುವುದು. ಗುಂಪಿನ ಮೇಲೆ ಬೀಳುವ ಮಾಯೆ ಇದ್ದವನು ಎದುರಾಗುವ ಸಾಧ್ಯತೆ ಇದ್ದರೆ ಹಿಂದಿನ ಸಾಲಿನವರನ್ನು ಹರಡುವುದು. ಬದಲಾವಣೆಯನ್ನು ಹೋರಾಟಕ್ಕೆ ಮೂರು ಸೆಕೆಂಡ್ ಇರುವಾಗ ಮಾಡಿದರೆ ಎದುರಾಳಿಗೆ ಉತ್ತರಿಸಲು ಹೊತ್ತು ಸಿಗುವುದಿಲ್ಲ. ನಮ್ಮ ನೆಟ್‌ನಲ್ಲಿ ಮಾತ್ರ ಅಷ್ಟು ಕೊನೆಗೆ ಬಿಡುವ ಧೈರ್ಯ ಮಾಡದೆ ಆರೇಳು ಸೆಕೆಂಡಿಗೆ ಮುಗಿಸುತ್ತಿದ್ದೆವು.

ಸೆಪ್ಟೆಂಬರ್ ಕೊನೆಯಲ್ಲಿ ಊರಿನ ಎಂಟು ಜನರನ್ನು ಸೇರಿಸಿ ಒಂದು ಸಂಜೆ ನಮ್ಮದೇ ಪಂದ್ಯ ಮಾಡಿದೆವು. ಹಣ ಕಟ್ಟುವುದಿಲ್ಲ, ಪಣ ಇಲ್ಲ. ಮೊದಲ ಸ್ಥಾನಕ್ಕೆ 8 ಅಂಕ, ಕೊನೆಯದಕ್ಕೆ 1. ದೊಡ್ಡ ಪಂದ್ಯಗಳಲ್ಲಿ ಬಳಸುವ ಚೆಕ್‌ಮೇಟ್ ಪದ್ಧತಿಯನ್ನೂ ಪ್ರಯತ್ನಿಸಿದೆವು: ಗೊತ್ತುಮಾಡಿದ ಅಂಕ ದಾಟಿದವರಲ್ಲಿ ಯಾರು ಮುಂದೆ ಒಂದು ಆಟ ಗೆಲ್ಲುತ್ತಾರೋ ಅವರಿಗೆ ಪ್ರಶಸ್ತಿ. ರ‍್ಯಾಂಕ್ಡ್‌ನಲ್ಲಿ ನಾಲ್ಕನೇ ಸ್ಥಾನ ಕಾಯುವ ನಮ್ಮ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅಂಕ ದಾಟಿದ ಮೇಲೆ ನಾಲ್ಕನೆಯದೂ ಎಂಟನೆಯದೂ ಒಂದೇ. ಲೆವೆಲ್ 8ರಲ್ಲಿ ನಿಂತು ಬೋರ್ಡ್ ಭದ್ರ ಮಾಡುವ ಬದಲು ಪ್ರಾಣ ಪಣಕ್ಕಿಟ್ಟು 9ಕ್ಕೆ ಓಡಿ 5 ಗೋಲ್ಡಿನ ಪಾತ್ರ ಹುಡುಕಬೇಕು. ಇದಕ್ಕೆಂದು ಬೇರೆಯೇ ಪುಟ ತೆರೆದಿದ್ದೇವೆ, ಅದರಲ್ಲಿ ಇನ್ನೂ ಕೆಲವೇ ಸಾಲುಗಳಿವೆ.

ಸ್ಥಾನದ ಕಾಲಂನಲ್ಲಿ ಏನಾಯಿತು ಎಂದು ಕೇಳುವವರಿಗೆ: ಮೊದಲ ಕಂತಿನಲ್ಲಿ ಮೂವರೂ 4.5ರ ತಪ್ಪು ಬದಿಯಲ್ಲಿದ್ದೆವು, ಕೊನೆಯ ಕಂತಿನಲ್ಲಿ ಮೂವರೂ ಸರಿ ಬದಿಗೆ ಬಂದೆವು. ಮೊದಲ ಸ್ಥಾನಗಳ ಲೆಕ್ಕ ಅಂಥಾ ಹೆಚ್ಚಲಿಲ್ಲ. ಏಳು, ಎಂಟು ಕಡಿಮೆಯಾಗಿ ಆ ಸಾಲುಗಳಲ್ಲಿ ನಾಲ್ಕು, ಐದು ಬಂದವು. ‘ಗೋಲ್ಡ್’ ಎಂಬ ಪದ ಕಾರಣದ ಕಾಲಂನಿಂದ ಹೆಚ್ಚುಕಡಿಮೆ ಮಾಯವಾಗಿ ಆ ಜಾಗಕ್ಕೆ ‘ಜಾಗ’ ಬಂದಿದೆ.

ಸುಮಾರು ಎರಡು ವಾರಕ್ಕೊಮ್ಮೆ ಪ್ಯಾಚ್ ಬರುತ್ತದೆ, ಕೆಲವು ತಿಂಗಳಿಗೊಮ್ಮೆ ಇಡೀ ಸೆಟ್ಟೇ ಬದಲಾಗುತ್ತದೆ. ಆಗ ಕಾಂಪ್‌ಗಳ ಪಟ್ಟಿ, ಯಾವ ಪಾತ್ರಕ್ಕೆ ಯಾವ ಮೂರು ಐಟಂ ಎಂಬ ಪುಟಗಳನ್ನು ಹರಿದು ಹಾಕುತ್ತೇವೆ. ಬಡ್ಡಿಯ ಲೆಕ್ಕ ಅಂಟಿಸಿದ ಒಳ ಹೊದಿಕೆ, ಐಟಂ ಕೂಡಿಸುವ ಪಟ್ಟಿ, 28 ಮನೆಯ ಚಿತ್ರ ಇವು ಉಳಿಯುತ್ತವೆ; ಬ್ಯಾಗ್‌ನ ಪ್ರತಿ ಎಷ್ಟು, ಶಾಪ್‌ನ ಸಾಧ್ಯತೆ ಎಷ್ಟು ಎಂಬ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇವೆ, ಅಳಿಸಿ ತಿದ್ದಲು. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ಸಂಜೆ ಹಣ್ಣು ಅಳೆದು, ಆಳುಗಳ ಲೆಕ್ಕ ಮುಗಿಸಿ ಕೂರುವಾಗ ರಾತ್ರಿ ಎಂಟಾಗುತ್ತದೆ. ಆಗ ದಿನಕ್ಕೊಂದು ಆಟ ಆಗದು, ವಾರಕ್ಕೆ ಮೂರು ಎಂದು ಮಾತಾಡಿಕೊಂಡಿದ್ದೇವೆ. 81ನೇ ಸಾಲು ಬರೆದಾಯಿತು: 3-7ಕ್ಕೆ ಪ್ರಾಣ 72, ಲೆವೆಲ್ 6, ಗೋಲ್ಡ್ 54. ಸ್ಥಾನ ಆರು. ಕಾರಣ: ಐಟಂ.